ನಕ್ಕಿದ್ದಕ್ಕೆ ಎರಡು ಪೆನ್ನಿ

ಡಂಡೀ ಊರಿನ ಸೆಣಬು ಗಿರಣಿಯ ದಂಡದ ಪುಸ್ತಕ.
ಐಲ್ಸಾಳ ಬೆರಳು ಒಂದು ಸಾಲಿಗೆ ತಡೆಯಿತು:
‘ಎಫೀ ಡಫ್, ಹನ್ನೊಂದು ವರ್ಷ.
ನಕ್ಕಿದ್ದಕ್ಕೆ ಎರಡು ಪೆನ್ನಿ.’
ಅಷ್ಟೇ. ಚರ್ಚಿನ ಸಾವಿನ ಪಟ್ಟಿಯಲ್ಲೂ
ಅವಳು ಮತ್ತೆ ಸಿಗಲಿಲ್ಲ.

ಕಾದಂಬರಿಯಲ್ಲಿ ಐಲ್ಸಾ ಅವಳಿಗೆ ಬೂಟು ಕೊಟ್ಟಳು,
ಒಂದು ಕುಂಟ ನಾಯಿ,
ತಿಮಿಂಗಿಲದ ಹಡಗಿನಿಂದ ಕಾಗದ ಬರೆಯುವ ಅಣ್ಣ.
ಕೊನೆಗೆ ಸ್ವಲ್ಪ ಬಿಸಿಲಿರಲಿ ಎಂದರು ಪ್ರಕಾಶಕರು;
ಅದನ್ನೂ ಕೊಟ್ಟಳು.

ಶಾಲೆಯಲ್ಲಿ ಹುಡುಗನೊಬ್ಬ ಎದ್ದು ನಿಂತ.
‘ನಾಯಿ ನಿಜವೇ?’
‘ಅಲ್ಲ.’
‘ಅಣ್ಣ?’
‘ಅಲ್ಲ.’
‘ಮತ್ತೇನು ನಿಜ?’
‘ನಗು.’
ಅವನು ಕೂರಲಿಲ್ಲ:
‘ಅಷ್ಟು ಯಂತ್ರಗಳ ಗದ್ದಲದಲ್ಲಿ
ಕೇಳಿಸಿದ್ದಾದರೂ ಹೇಗೆ?’

ರಾತ್ರಿ, ಅಚ್ಚಾದ ತನ್ನದೇ ಪ್ರತಿಯ ಅಂಚಿನಲ್ಲಿ,
ಪೆನ್ಸಿಲಿನಿಂದ:
ಕೇಳಿಸಿರಲಿಕ್ಕಿಲ್ಲ.
ಮೇಸ್ತ್ರಿಗೆ ಹಲ್ಲು ಕಂಡಿರಬೇಕು,
ಆ ಧೂಳಿನಲ್ಲಿ.