ಕೆಳಗಿನ ಮಂಚ

ಹಗಲೆಲ್ಲ ಸಜಾದ ಮರಳಲ್ಲಿ
ಮೂರು ಕಾಲಿನ ಯಂತ್ರ ಊರಿ ಅಳೆಯುತ್ತೇನೆ;
ಅಲ್ಲಿ ಎತ್ತರಕ್ಕೆ ಝಡ್.

ರಾತ್ರಿ, ರೋಲಾದ ಆರು ಮಂಚದ ಕೋಣೆಯಲ್ಲಿ
ಎತ್ತರಕ್ಕೆ ವೈ.
ಕಲಿಸಿದವನು ನನ್ನ ಕೆಳಗಿನ ಮಂಚದ ಇಫ್ರಾಝ್,
ಜ್ಯೂಸ್ ಅಂಗಡಿಯ ಹುಡುಗ.
"ನಿಮ್ಮ ಸರ್ವೆ ಲೆಕ್ಕ ಇಲ್ಲಿ ನಡೆಯಲ್ಲ ಭಾಯ್."

ಒಮ್ಮೆ ಗುಹೆಯಲ್ಲಿ ಪಂಜು ಮುಗಿದು
"ಎಲ್ಲಿದ್ದೀನೋ ಗೊತ್ತಾಗ್ತಿಲ್ಲ" ಎಂದು ಪಿಸುಗುಟ್ಟಿದ.
ಮೂರಡಿ ಕೆಳಗಿದ್ದ.
ಅಂಕಿ ಹೇಳು, ಎಂದೆ.
"ನಾನೂರ ಹನ್ನೆರಡು. ಮೈನಸ್ ಮೂವತ್ತೊಂದು.
ಆಮೇಲೆ... ಮೈನಸ್ ತೊಂಬತ್ತು."
ಅಲ್ಲೇ ಇರು, ಅಲ್ಲಾಡಬೇಡ.
ಅಗೆದೂ ಅಗೆದೂ
ಅವನ ನೆತ್ತಿಯ ಮೇಲಿನ ಕಲ್ಲು ಒಡೆದೆ.

ಏಪ್ರಿಲ್‌ನಲ್ಲಿ ಸೊಹಾರ್‌ಗೆ ಹೋದ.
ಆ ಮಂಚಕ್ಕೆ ತಿಂಗಳಿಗೆ ಏಳುನೂರು ದಿರ್ಹಂ ಕೊಟ್ಟು
ಗೊರಕೆಯವನೊಬ್ಬ ಬಂದಿದ್ದಾನೆ.

ಆದರೆ ಅಲ್ಲಿ ನಾವು ಕಟ್ಟಿದ ಕೋಣೆ,
ನೂರ ಏಳು, ಅರವತ್ತೆಂಟು, ಇಪ್ಪತ್ತು,
ಅದಕ್ಕೆ ಬಾಡಿಗೆಯಿಲ್ಲ.
ಕೆಂಪು ಮಂಚಗಳೆರಡು, ಅಕ್ಕಪಕ್ಕ; ಮೇಲೆ ಕೆಳಗೆ ಅಲ್ಲ.
ಎಲ್ಲಿ ಹೋಗಿ ಸತ್ತರೂ
ಕೊನೆಗೆ ಮಲಗಿದ ಮಂಚದಲ್ಲೇ ಎಚ್ಚರ,
ಅದು ಅಲ್ಲಿನ ಕಾನೂನು.

ನಿನ್ನೆ ಹನ್ನೊಂದೂವರೆಗೆ ಪರದೆಯ ಮೂಲೆಯಲ್ಲಿ
ಸಾಲೊಂದು ಮೂಡಿತು:
ಇಫ್ರಾಝ್ ಲಾವಾದಲ್ಲಿ ಬಿದ್ದು ಸತ್ತ.

ಪಕ್ಕಕ್ಕೆ ತಿರುಗಿದೆ.
ಎದ್ದು ನಿಂತಿದ್ದ,
ಬರಿಗೈಲಿ.