ಎಡಗೈ ಮಣಿಕಟ್ಟು

ಎಡಗೈ ಇಡು. ಅಂಗೈ ಕೆಳಗೆ, ಬೆರಳು ಬಿಡಿಸಿ.
ಅಲುಗಾಡಬೇಡ.
ಉಸಿರು ಹಿಡಿ ಎಂದು ನಾನು ಹೇಳುವುದಿಲ್ಲ, ಕೈಗೆ ಅದು ಬೇಕಿಲ್ಲ.
ಆದರೂ ಹಿಡಿಯುತ್ತಾರೆ ಎಲ್ಲರೂ,
ದೋಣಿಯಲ್ಲಿ ಕಲಿತದ್ದಿರಬೇಕು.

ತೆನೆರಿಫೆಯ ಆಸ್ಪತ್ರೆಯ ನೆಲಮಾಳಿಗೆ,
ಕ್ಷ-ಕಿರಣದ ಕೋಣೆ, ಇಪ್ಪತ್ತೊಂದು ವರ್ಷದ ನೌಕರಿ.
ಮೊದಲೆಲ್ಲ ಮುರಿದುಕೊಂಡವರು ಬರುತ್ತಿದ್ದರು:
ಬಾಳೆತೋಟದ ಏಣಿಯಿಂದ ಜಾರಿದವರು,
ಇಳಿಜಾರಿನಲ್ಲಿ ಸೈಕಲ್ಲು ಬಿಟ್ಟ ಪ್ರವಾಸಿಗರು.
ಈಗ ಮಂಗಳವಾರ, ಗುರುವಾರ
ಏನೂ ಮುರಿಯದ ಕೈಗಳು ಸಾಲುಗಟ್ಟುತ್ತವೆ.

ನಾಲಿಗೆಗೆ ಎಲುಬಿಲ್ಲ, ಹೇಗೂ ಹೊರಳೀತು;
ಅದಕ್ಕೇ ಸರಕಾರ
ಎಲುಬನ್ನೇ ಕರೆಸಿ ವಿಚಾರಿಸುತ್ತದೆ.

ಮೇಲೆ ಕ್ಯಾಂಟೀನಿನ ಟೀವಿಯಲ್ಲಿ ಮಾತ್ರ
ಎಲುಬಿಲ್ಲದ್ದೇ ಹಗಲಿಡೀ ಹೊರಳುತ್ತದೆ:
ಆ ಪ್ರಾಂತ್ಯಕ್ಕೆ ನೂರಿಪ್ಪತ್ತು, ಈ ಪ್ರಾಂತ್ಯಕ್ಕೆ ಹದಿನೆಂಟು,
ನಮಗೊಂದೂ ಬೇಡ, ಅಷ್ಟು ಕರುಣೆಯಿದ್ದರೆ ನೀವೇ ಇಟ್ಟುಕೊಳ್ಳಿ.
ಬೆಕ್ಕಿನ ಮರಿ ಹಂಚಿದ ಹಾಗೆ.
ಅತ್ತಿಗೆ ಇದೈರಾ ದಿನಕ್ಕೆ ಇಪ್ಪತ್ತೆರಡು ಹೋಟೆಲ್ ಹಾಸಿಗೆ ಬದಲಿಸುತ್ತಾಳೆ.
"ನನ್ನ ಮಗ ಸೋಫಾದ ಮೇಲೆ ಮಲಗುತ್ತಾನೆ, ಕಾಲು ಹೊರಗೆ ಚಾಚಿ.
ಅವನ ಕೈಯ ಫೋಟೊ ಯಾರಾದರೂ ತೆಗೆದರಾ?"
ಉತ್ತರ ಹುಡುಕುತ್ತ ನನ್ನ ಕಾಫಿ ಆರಿತು.

ನಿನ್ನೆ ಇಬ್ಬರು ಬಂದರು, ಅವಳಿ.
ಎಂಬೂರಿನ ಮೀನುಗಾರರ ಮಕ್ಕಳು, ಹನ್ನೊಂದು ದಿನದ ಕಡಲು.
ಅಸಾನ್ ಮೊದಲನೆಯವನು, ಉಸೇನು ಕಾಲು ಗಂಟೆ ಕಿರಿಯ.
ಅಲ್ಲಿ ಅವಳಿಗಳ ಹೆಸರೇ ಹೇಳುತ್ತದಂತೆ
ಯಾರು ಮುಂಚೆ, ಯಾರು ಹಿಂದೆ.
ದುಭಾಷಿಯ ಫೋನಿನಲ್ಲಿ ತಾಯಿ:
"ಕರೆಂಟು ಹೋಗಿತ್ತು. ಮೊದಲನೆಯವನಿಗೆ ಹಚ್ಚಿದ ಮೇಣದಬತ್ತಿಯಲ್ಲೇ
ಎರಡನೆಯವನ ಮುಖವನ್ನೂ ನೋಡಿದೆ."
ಮೇಣದಬತ್ತಿ ದಾಖಲೆಯಲ್ಲ.

ಅಸಾನನ ಮಣಿಕಟ್ಟಿನಲ್ಲಿ, ಮೂಳೆಗೂ ಮೂಳೆಯ ತುದಿಗೂ ನಡುವೆ
ಕೂದಲೆಳೆಯ ಗೆರೆಯೊಂದು ಇನ್ನೂ ತೆರೆದಿತ್ತು,
ಬೆಳೆಯಲಿ ಎಂದು ಬಿಟ್ಟ ಜಾಗ.
ಉಸೇನುವಿನದು ಮುಚ್ಚಿತ್ತು, ಹಲಗೆ ಹಾಕಿದ ಅಂಗಡಿ.
ವೈದ್ಯರು ಪುಸ್ತಕದ ಚಿತ್ರದ ಪಕ್ಕ ಹಿಡಿದು ನೋಡಿದರು.
ಆ ಪುಸ್ತಕದ ಮಕ್ಕಳು ಬೇರೆ ಊರಿನವರು, ಬೇರೆ ಕಾಲದವರು,
ಹಾಲು ಬೆಣ್ಣೆ ತಿಂದು ಬೆಳೆದವರು.
ಅದು ಅವರಿಗೂ ಗೊತ್ತು.
ಒಬ್ಬ ಹದಿನೇಳು, ಇನ್ನೊಬ್ಬ ಹದಿನೆಂಟು ತುಂಬಿದವನು ಎಂದು ಬರೆದು
ಪೆನ್ನನ್ನು ತುಂಬ ಹೊತ್ತು ಮುಚ್ಚುತ್ತಲೇ ಇದ್ದರು.

ದುಭಾಷಿ ಹೇಳಿದಾಗ ಇಬ್ಬರೂ ನಕ್ಕರು.
ಉಸೇನು ಎದ್ದು ಎದೆ ಸೆಟೆಸಿ
"ಇನ್ನು ಮೇಲೆ ನನ್ನನ್ನು ಅಣ್ಣಾ ಅನ್ನು" ಅಂದ.
ಹೊರಗೆ ಎರಡು ವ್ಯಾನು ನಿಂತಿದ್ದು ಅವರಿನ್ನೂ ನೋಡಿರಲಿಲ್ಲ.
ಒಂದು ಮಕ್ಕಳ ಮನೆಗೆ,
ಒಂದು ಹಳೆಯ ಬ್ಯಾರಕ್ಕಿನ ಡೇರೆಗೆ.

ನನ್ನ ಅಜ್ಜ ಹದಿನಾರರಲ್ಲಿ ಇದೇ ದ್ವೀಪದಿಂದ
ರಾತ್ರೋರಾತ್ರಿ ಹಾಯಿದೋಣಿ ಹತ್ತಿ ವೆನೆಜುವೆಲಾಕ್ಕೆ ಕದ್ದು ಹೋದವನು.
ಕಬ್ಬಿನ ಗದ್ದೆಯ ಮೇಸ್ತ್ರಿಗೆ ಇಪ್ಪತ್ತೊಂದು ಅಂದ.
ಮೇಸ್ತ್ರಿಯೂ ಕೈ ಹಿಡಿದು ನೋಡಿದನಂತೆ,
ಅಂಗೈಯ ಜಡ್ಡು ಸವರಿ ಮಚ್ಚು ಕೊಟ್ಟನಂತೆ.
ಸಾಯುವವರೆಗೂ ಕಾಗದದಲ್ಲಿ ಅಜ್ಜ ಐದು ವರ್ಷ ಹೆಚ್ಚಿನವನು.
"ಆ ಐದು ವರ್ಷ ಯಾರು ಬದುಕಿದರೋ" ಎನ್ನುತ್ತಿದ್ದ,
ಮೀನಿನ ಮುಳ್ಳು ತೆಗೆಯುತ್ತ.

ಸಂಜೆ ದಾಖಲೆ ತಿದ್ದಲು ಕೂತೆ.
ಹುಟ್ಟಿದ ದಿನ ಖಾಲಿ ಬಿಟ್ಟರೆ ಕಂಪ್ಯೂಟರ್ ಒಪ್ಪುವುದಿಲ್ಲ.
ಗೊತ್ತಿಲ್ಲದವರಿಗೆಲ್ಲ ಜನವರಿ ಒಂದು.
ಉಸೇನುವಿಗೆ ಜನವರಿ ಒಂದು.
ಮೇಣದಬತ್ತಿ ಅಸಾನನ ಪಾಲಿಗೆ ಉಳಿಯಿತು.

ಬಾಗಿಲು ತಟ್ಟಿದರು.
ಎಡಗೈಯಿಂದಲೇ, ಯಾರೋ ಹೇಳಿಕೊಟ್ಟಿದ್ದಾರೆ.