ಬಲದಿಂದ ಎಡಕ್ಕೆ

ಗ್ರಿಮ್ಸ್‌ಬಿ ಆಸ್ಪತ್ರೆ, ಆರನೇ ಕುರ್ಚಿ. ಸೋಮ, ಬುಧ, ಶುಕ್ರ.
ಎಡಗೈಯನ್ನು ಯಂತ್ರಕ್ಕೆ ಒಪ್ಪಿಸಿದರೆ
ನಾಲ್ಕು ಗಂಟೆ ಅದು ನನ್ನದಲ್ಲ.
ನೆತ್ತರು ಒಂದು ಕೊಳವೆಯಲ್ಲಿ ಹೊರಟು
ಇನ್ನೊಂದರಲ್ಲಿ ಒಳಗೆ ಬರುತ್ತದೆ,
ಕಾಲು ತೊಳೆದುಕೊಂಡು ಮನೆಗೆ ಬಂದವರ ಹಾಗೆ.

ಬಲಗೈಗೆ ಒಂದು ಪುಸ್ತಕ. ಲೈಬ್ರರಿಯ ಹುಡುಗಿ ಕೊಟ್ಟದ್ದು:
“ಇದರಲ್ಲಿ ಯಾರೂ ಸಾಯುವುದಿಲ್ಲ, ಬರೀ ತಿನ್ನುತ್ತಾರೆ.”
ಜಪಾನಿನ ಚಿತ್ರಕಥೆ. ಹಿಂದಿನ ರಟ್ಟೇ ಮುಂದಿನದು.
ಗೊತ್ತಿಲ್ಲದೆ ಮೊದಲ ವಾರ ತಿರುಗಾಮುರುಗಾ ಓದಿದೆ:
ಮೊದಲು ತೇಗು, ಆಮೇಲೆ ಊಟ, ಕಡೆಗೆ ಹಸಿವು.
ಎಲಾ, ಇದೆಂಥ ಊರು ಅಂದುಕೊಂಡೆ.

ಕಥೆ ಎಂದರೆ ಇಷ್ಟೇ. ಒಬ್ಬಳು ಅಂಚೆಯವಳು,
ಗುಂಡು ಮುಖ, ಕೀರಲು ಸೈಕಲ್ಲು.
ಕಾಗದ ಹಂಚಿ ಮುಗಿದಲ್ಲೇ ಬುತ್ತಿ ಬಿಚ್ಚುತ್ತಾಳೆ,
ಸೇತುವೆ ಕೆಳಗೆ, ಯಾರದೋ ಜಗಲಿಯ ತುದಿಗೆ.
ಅವಳಿಗೆ ವೈರಿಗಳಿಲ್ಲ.
ಗಂಡ ಇದ್ದಾನೋ ಇಲ್ಲವೋ ಯಾರೂ ಕೇಳುವುದಿಲ್ಲ.
ಇಡೀ ಅಧ್ಯಾಯದ ಸಂಕಟವೆಂದರೆ
ಕರಿದ ಸಿಗಡಿಯನ್ನು ಮೊದಲು ತಿನ್ನುವುದೋ
ಕೊನೆಗೆ ಉಳಿಸುವುದೋ.

ಉಳಿಸುತ್ತಾಳೆ. ನಾನೂ ಉಳಿಸುತ್ತಿದ್ದೆ.

ಮನೆಯಲ್ಲಿ ಫ್ರಿಜ್ಜಿನ ಮೇಲೆ ಬೇರೆ ಪುಸ್ತಕ, ಒಂದೇ ಹಾಳೆಯದು:
ಬಾಳೆಹಣ್ಣು ಬೇಡ. ಟೊಮೆಟೊ ಬೇಡ. ಎಳನೀರು, ದೇವರಾಣೆ ಬೇಡ.
ಆಲೂಗಡ್ಡೆ ಎರಡು ಸಲ ಬೇಯಿಸಿ ಎರಡು ನೀರು ಚೆಲ್ಲಿದರೆ
ಅದರ ನೆನಪನ್ನು ತಿನ್ನಬಹುದು.
ದಿನಕ್ಕೆ ಮುಕ್ಕಾಲು ಲೀಟರ್ ನೀರು, ಸಾರೂ ಅದರೊಳಗೇ.
ಊಟ ಬಲ್ಲವನಿಗೆ ರೋಗವಿಲ್ಲ ಅನ್ನುತ್ತಿದ್ದಳು
ಗಂಗೊಳ್ಳಿಯ ದೊಡ್ಡಮ್ಮ.
ಊಟ ನನಗೆ ಗೊತ್ತಿತ್ತು, ದೊಡ್ಡಮ್ಮ.
ಕಿಡ್ನಿಗೆ ಗಾದೆ ಗೊತ್ತಿರಲಿಲ್ಲ.

ಪುಟದ ಮೂಲೆಯಲ್ಲಿ ಸದ್ದುಗಳನ್ನೂ ಬರೆದಿರುತ್ತಾರೆ,
ಇಂಗ್ಲಿಷಿನಲ್ಲಿ, ಬಡಕಲಾಗಿ. ನಾನು ಮನಸ್ಸಲ್ಲೇ ತಿದ್ದುತ್ತೇನೆ:
ಎಣ್ಣೆಗೆ ಬಿದ್ದದ್ದು ಚುಂಯ್,
ಎಳೆ ಸೌತೆ ಕರಂಕುರುಂ,
ಸಾರು ಸೊರ್ರ್‌ರ್.
ಸದ್ದು ಕುಡಿದರೆ ನೀರಿನ ಲೆಕ್ಕಕ್ಕೆ ಸೇರುವುದಿಲ್ಲ.

ಏಳನೇ ಕುರ್ಚಿ ಕ್ಲಿಫರ್ಡನದು.
ಐಸ್‌ಲೆಂಡಿನ ಕಡಲಲ್ಲಿ ಕಾಡ್ ಹಿಡಿದವನು.
ನಾನು ಇಪ್ಪತ್ತೆರಡು ವರ್ಷ ಫಿಶ್ ಫಿಂಗರ್ ಡಬ್ಬಿಗೆ ತುಂಬಿದವಳು.
“ನಾನು ಹಿಡಿದ ಮೀನಿಗೆ ನೀನು ಮೂಲೆ ಕೊಟ್ಟೆ”
ಎಂದು ವಾರಕ್ಕೊಮ್ಮೆಯಾದರೂ ಹಂಗಿಸುತ್ತಾನೆ. ಆಮೇಲೆ ಮೆಲ್ಲಗೆ,
“ಪೋಸ್ಟಿನವಳು ಇವತ್ತು ಏನು ತಿಂತಿದ್ದಾಳೆ?”

ಬಂಗುಡೆಯ ದಿನ ಜಗಳವೇ ಆಯಿತು.
ಕೆಂಡದ ಮೇಲೆ ಸುಟ್ಟ ಇಡೀ ಮೀನು,
ಅವಳು ಹೊಟ್ಟೆಯ ಕಡೆಯಿಂದ ಕೈ ಹಾಕಿದಳು.
ಬೆನ್ನಿಂದ ತಿನ್ನಬೇಕು, ಎಂದ ಅವನು.
ಹ್ವಾಯ್, ತಲೆ ಚೀಪದವರು ಬಂಗುಡೆ ತಿಂದವರೇ ಅಲ್ಲ, ಎಂದೆ.
ಇಬ್ಬರ ಯಂತ್ರಗಳೂ ಒಟ್ಟಿಗೆ ಬಾಯಿ ಮಾಡಿದವು.
ನರ್ಸ್ ಬರ್ನಡೆಟ್ ಓಡಿ ಬಂದು, “ವ್ಯಾರಿ, ಕೈ, ಕೈ!”
(ವಾರಿಜ ಎಂದು ಎಷ್ಟು ಸಲ ಹೇಳುವುದು.)
ವರ್ಷದಿಂದ ಇಬ್ಬರ ತಟ್ಟೆಯಲ್ಲೂ ಉಪ್ಪಿಲ್ಲ.
ಜಗಳಕ್ಕೆ ಮಾತ್ರ ಸರಿಯಾಗಿ ಬಿದ್ದಿತ್ತು.

ಇವತ್ತು ಗ್ರಿಮ್ಸ್‌ಬಿಗೂ ಮೂವತ್ತೆರಡು ಡಿಗ್ರಿ.
ಕಿಟಕಿಯಾಚೆ ಕಡಲಕಾಗೆಗಳು ಬಾಯಿ ತೆರೆದೇ ಕೂತಿವೆ.
ಪುಟ ತಿರುಗಿಸಿದೆ:
ಅಂಚೆಯವಳ ಮುಂದೆ ಹೆರೆದ ಐಸಿನ ಗುಡ್ಡ,
ನೆತ್ತಿಯಿಂದ ಇಳಿಯುವ ಕೆಂಪು ಪಾಕ,
ಎರಡು ಪುಟ ತುಂಬ. ಮಾತಿಲ್ಲ.
ಕ್ಲಿಫರ್ಡ್ ಕೇಳಿದ. ನನಗೆ ಹೇಳಲಾಗಲಿಲ್ಲ,
ಪುಸ್ತಕವನ್ನೇ ಅವನ ಕಡೆ ಹಿಡಿದೆ.
ಇಬ್ಬರೂ ಗಂಟಲು ನುಂಗಿಕೊಂಡದ್ದು
ಬರ್ನಡೆಟ್‌ಗೆ ಕೇಳಿಸಿರಬೇಕು.

ಕಾಗದದ ಲೋಟ ತಂದಳು. ಎರಡು ತುಂಡು, ತಲೆಗೊಂದು.
“ಲೆಕ್ಕಕ್ಕೆ ಬರೆಯುತ್ತೇನೆ” ಎಂದಳು.
ಪೆನ್ನಿನ ಮುಚ್ಚಳ ತೆಗೆಯಲಿಲ್ಲ.

ಕ್ಲಿಫರ್ಡನದು ಕಟ್ಟಿಸಿದ ಹಲ್ಲು, ಕಣ್ಣು ಮುಚ್ಚಿ ಚೀಪಿದ.
ನಾನು ಪುಟದವಳು ಚಮಚ ಎತ್ತುವವರೆಗೆ ಕಾದೆ.
ಅವಳು ಆಗಲೇ ಎತ್ತಿದ್ದಳು.

ಕಟುಂ.